ಹರಿದದ್ದು ಹಗ್ಗ

ಶಿಬಿರದ ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹಳ್ಳದ ಮೇಲೆ ಕಟ್ಟಿದ್ದ ಹಗ್ಗದ ಸೇತುವೆ ಹರಿದುಬಿತ್ತು. ಆಗ ಅದರ ನಡುಮಧ್ಯದಲ್ಲಿದ್ದವಳು ಪಟಾಕಿ. ಹನ್ನೆರಡು ವರ್ಷದ ಆ ಹುಡುಗಿಗೆ ಆ ಹೆಸರು ಬಂದದ್ದು ಅವಳ ಬಾಯಿಯಿಂದ. ಕೆಳಗಿನ ಹಗ್ಗದ ಮೇಲೆ ಕಾಲಿಟ್ಟು, ಮೇಲಿನ ಹಗ್ಗ ಹಿಡಿದು, ಆ ದಡದಲ್ಲಿದ್ದವರಿಗೆ ಏನೋ ತಮಾಷೆ ಹೇಳುತ್ತ ಹೋಗುತ್ತಿದ್ದಳು. ಮಾತು ಮುಗಿಯುವ ಮೊದಲೇ ಕಾಲ ಕೆಳಗಿನ ಹಗ್ಗ ಹೋಯಿತು. ಒಂದಾಳೆತ್ತರದಿಂದ ಕಲ್ಲಿನ ಮೇಲೆ ಬಿದ್ದಳು.

ದಳದ ನಾಯಕಿ ನೀರಿಗಿಳಿದು ಓಡಿದಳು. ಇಪ್ಪತ್ತೆರಡು ವರ್ಷದಿಂದ ಈ ಹುಡುಗಿಯರ ಸ್ಕೌಟ್ ದಳ ನಡೆಸಿಕೊಂಡು ಬಂದಿದ್ದ ಅವಳನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ವಾರದ ಆರು ದಿನ ಅವಳು ಲಾರಿಗಳಿಗೆ ಟಾರ್ಪಾಲು ಹೊಲಿಯುವ ಕಾರ್ಖಾನೆಯ ಕೆಲಸದವಳು. ಭಾನುವಾರ ಮಾತ್ರ ಕ್ಯಾಪ್ಟನ್.

ಪಟಾಕಿಯ ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಹುಡುಗಿಯರು ಕಲಿತದ್ದನ್ನು ಮರೆಯಲಿಲ್ಲ. ಎರಡು ಕೋಲಿಗೆ ಎರಡು ಜಾಕೀಟು ತೂರಿಸಿ, ಗುಂಡಿ ಹಾಕಿ ಸ್ಟ್ರೆಚರ್ ಮಾಡಿದರು. ಕತ್ತಿನ ಸ್ಕಾರ್ಫುಗಳನ್ನು ಬಿಚ್ಚಿ ಕಾಲನ್ನು ಹಲಗೆಗೆ ಕಟ್ಟಿದರು. ಅವಳನ್ನು ಅದರ ಮೇಲೆ ಮಲಗಿಸುವಾಗ ಪಟಾಕಿ ಹಲ್ಲುಕಚ್ಚಿಕೊಂಡೇ ಕೇಳಿದಳು:

"ಕ್ಯಾಪ್ಟನ್, ಅರ್ಧ ದಾಟಿದ್ದೆ ನಾನು. ಅರ್ಧ ಅಂಕ ಬರುತ್ತಲ್ವಾ?"

ಹಾಗೆಂದವಳು ಜೋರಾಗಿ ಅಳತೊಡಗಿದಳು.

ಹಳ್ಳದ ದಡದಲ್ಲಿ ಒಬ್ಬಳು ಮಾತ್ರ ಕದಲದೆ ನಿಂತಿದ್ದಳು. ಅವಳನ್ನು ಮಿಡತೆ ಎನ್ನುತ್ತಿದ್ದರು. ಹದಿನಾಲ್ಕು ವರ್ಷ, ಉದ್ದುದ್ದ ಕಾಲು, ಪಟಾಕಿಯಿದ್ದ ತಂಡದ ನಾಯಕಿ. ಸೇತುವೆಯ ಹಗ್ಗಗಳನ್ನು ಕಂಬಕ್ಕೆ ಬಿಗಿದವಳು ಅವಳೇ.

"ನಾನು ಕಟ್ಟಿದ್ದು," ಎಂದಳು. "ನನ್ನ ಗಂಟು ಬಿಚ್ಚಿಕೊಳ್ತು."

"ಬಾ, ಸ್ಟ್ರೆಚರ್ ಹಿಡಿ. ಅದನ್ನ ಆಮೇಲೆ ನೋಡೋಣ," ಎಂದಳು ಕ್ಯಾಪ್ಟನ್.

ಪಟಾಕಿಯನ್ನು ಆಸ್ಪತ್ರೆಗೆ ಸೇರಿಸಿ, ಅವಳ ಸೋದರಮಾವ ಬಂದ ಮೇಲೆ, ಮಧ್ಯಾಹ್ನ ಎರಡರ ಹೊತ್ತಿಗೆ ಕ್ಯಾಪ್ಟನ್ ಹಳ್ಳಕ್ಕೆ ವಾಪಸಾದಳು. ಅಷ್ಟರಲ್ಲೇ ಸ್ಕೌಟ್ ಜಿಲ್ಲಾ ಕಚೇರಿಯ ಉಗ್ರಾಣದ ವ್ಯಾನು ಬಂದು ನಿಂತಿತ್ತು. ಶಿಬಿರಕ್ಕೆ ಡೇರೆ, ಹಗ್ಗ, ಪಾತ್ರೆ ಎಲ್ಲ ಕೊಡುವುದು ಆ ಉಗ್ರಾಣವೇ. ಇಬ್ಬರು ಆಳುಗಳು ಹಗ್ಗಗಳನ್ನು ಸುತ್ತಿ ವ್ಯಾನಿಗೆ ತುಂಬುತ್ತಿದ್ದರು. ಸಾಮಾನನ್ನು ಹೊತ್ತಿಗೆ ಸರಿಯಾಗಿ ಒಯ್ಯುವ ಅಭ್ಯಾಸ ಆ ಉಗ್ರಾಣಕ್ಕೆ ಯಾವತ್ತೂ ಇರಲಿಲ್ಲ. ಇವತ್ತೇನು ಇಷ್ಟು ಅವಸರ ಎಂದು ಅವಳಿಗೆ ಅನ್ನಿಸಿತು.

ಕಂಬದ ಹತ್ತಿರ ಹೋಗಿ ನೋಡಿದಳು. ಗಂಟು ಕೂತಲ್ಲೇ ಕೂತಿತ್ತು. ಒಂದಿಂಚೂ ಜಾರಿರಲಿಲ್ಲ. ಅದರಿಂದ ಮೊಳದುದ್ದ ಹಗ್ಗ ಜೋತುಬಿದ್ದಿತ್ತು, ತುದಿ ನಾರುನಾರಾಗಿ ಕೆದರಿತ್ತು. ಹಗ್ಗ ಹರಿದದ್ದು ಅಲ್ಲಿ.

ಆಳುಗಳಲ್ಲೊಬ್ಬ ಕೈಚಾಚಿ ಬಂದ. "ಅದನ್ನೂ ಬಿಚ್ಚಿಕೊಡಿ ಅಮ್ಮಾ, ಲೆಕ್ಕಕ್ಕೆ ಬೇಕು."

"ಬಿಚ್ಚಲ್ಲ."

ಡೇರೆಯಿಂದ ಗರಗಸ ತಂದು, ಗಂಟಿನ ಮೇಲೊಂದು ಗೇಣು, ಕೆಳಗೊಂದು ಗೇಣು ಬಿಟ್ಟು ಕಂಬವನ್ನೇ ಕೊಯ್ದಳು. ಆಳು ಬಾಯಿ ಬಿಟ್ಟುಕೊಂಡು ನೋಡಿದ. ಹುಡುಗಿಯರನ್ನು ಮನೆಗೆ ಕಳಿಸಿದ ಮೇಲೆ ಅವಳು ಮರದ ತುಂಡನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿದಳು.

"ಏನಮ್ಮಾ ಇದು, ಸೌದೆ? ಸೌದೆ ಬಸ್ಸಲ್ಲಿ ಹಾಕೋ ಹಾಗಿಲ್ಲ," ಎಂದ ಕಂಡಕ್ಟರು.

"ಸೌದೆ ಅಲ್ಲಪ್ಪ, ಸಾಕ್ಷಿ."

"ಸಾಕ್ಷಿಗೆ ಅರ್ಧ ಟಿಕೆಟ್ಟೋ ಪೂರ್ತಿನೋ ನಂಗೊತ್ತಿಲ್ಲ. ತೊಡೆ ಮೇಲೆ ಇಟ್ಕೊಳ್ಳಿ, ಹೋಗ್ಲಿ."

ಮನೆಯಲ್ಲಿ ಅವಳ ಗಂಡ ಗಡಿಯಾರ ರಿಪೇರಿಯವನು. ಮುಂದಿನ ಕೋಣೆಯೇ ಅವನ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆಯೆತ್ತಿ, ಹೆಂಡತಿಯ ಕೆಸರಾದ ಬಟ್ಟೆಯನ್ನೂ ಮರದ ತುಂಡನ್ನೂ ನೋಡಿ, ಎಂದಿನಂತೆ "ಏನೇ, ನಿನ್ನ ಸೈನ್ಯ ಕಾಡನ್ನೇ ಕಡಿದುಬಿಡ್ತಾ?" ಎನ್ನಲು ಹೊರಟವನು ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

ಅವಳು ಹಗ್ಗದ ತುದಿಯನ್ನು ಅವನ ಮೇಜಿನ ದೀಪಕ್ಕೆ ಹಿಡಿದು ಎಳೆಗಳನ್ನು ಹಿಂದಕ್ಕೆ ತಿರುಚಿದಳು. ಮೇಲೆ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತಿದ್ದ ಹಗ್ಗ ಒಳಗೆ ಬೂದು ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು.

ಅವನು ಬಗ್ಗಿ ನೋಡಿದ. "ಇದು ಎಷ್ಟು ಮಳೆಗಾಲ ನೆಲದ ಮೇಲೆ ಬಿದ್ದಿತ್ತೋ! ಒಳಗೆಲ್ಲ ಬೂಷ್ಟು."

"ಹಗ್ಗದ ಜೊತೆ ಒಂದು ಚೀಟಿ ಬಂದಿತ್ತು ರೀ. ಪರೀಕ್ಷಿಸಲಾಗಿದೆ ಅಂತ, ಸಹಿ ಸಮೇತ. ನಾನು ಜಗ್ಗಿ ನೋಡ್ದೆ, ಬಿಚ್ಚಿ ನೋಡಲಿಲ್ಲ. ಕಾರ್ಖಾನೇಲಿ ದಿನಕ್ಕೆ ಇಪ್ಪತ್ತು ಹಗ್ಗ ಬಿಚ್ಚಿ ನೋಡ್ತೀನಿ. ಶಿಬಿರದಲ್ಲಿ ಚೀಟಿ ನಂಬಿದೆ."

ಅವನು ಎದ್ದು ಒಳಗೆ ಹೋದ. ಒಂದು ಲೋಟ ಚಹಾ ತಂದು ಅವಳ ಮುಂದಿಟ್ಟ.

ಎರಡು ವಾರದ ಮೇಲೆ ಜಿಲ್ಲಾ ಕಚೇರಿಯಿಂದ ಕರೆ ಬಂತು. ಕರೆದವರು ಜಿಲ್ಲೆಯ ಎಲ್ಲ ದಳಗಳ ಮೇಲಿನ ಕಮಿಷನರ್, ಕ್ಯಾಪ್ಟನ್ ಪಾಲಿಗೆ ದೊಡ್ಡಕ್ಕ. ರಕ್ತ ಸಂಬಂಧವಲ್ಲ, ಅದಕ್ಕಿಂತ ಒಂದು ತೂಕ ಹೆಚ್ಚೇ. ಹನ್ನೊಂದು ವರ್ಷದವಳಿದ್ದಾಗ ಅವಳನ್ನು ಶಿಬಿರಕ್ಕೆ ಕಳಿಸಲು ಅಪ್ಪ ಒಪ್ಪಿರಲಿಲ್ಲ. ಹೆಣ್ಣುಮಕ್ಕಳು ಡೇರೆಯಲ್ಲಿ ಮಲಗುವುದೆಂದರೇನು ಎಂದು ಕೂಗಾಡಿದ್ದ. ಆಗ ದಳದ ನಾಯಕಿಯಾಗಿದ್ದ ದೊಡ್ಡಕ್ಕ ಬಾಗಿಲಲ್ಲಿ ಬಂದು ನಿಂತರು. ಕೂರಲೂ ಇಲ್ಲ, ಹೋಗಲೂ ಇಲ್ಲ. ಎರಡು ಗಂಟೆ ನಿಂತರು. ಕೊನೆಗೆ ಅಪ್ಪನೇ ಸೋತು ಚೀಲ ಕಟ್ಟಿಕೊಟ್ಟ. ಅವಳ ಕತ್ತಿಗೆ ಮೊದಲ ಸ್ಕಾರ್ಫ್ ಹಾಕಿದವರು ಅವರು. ಅದು ಅವರ ಸ್ವಂತದ್ದು, ಅಂಚು ಸವೆದದ್ದು.

ಈಗ ದೊಡ್ಡಕ್ಕನಿಗೆ ಎಪ್ಪತ್ತರ ಹತ್ತಿರ. ಹಿಂದಿನ ಗೋಡೆಯ ತುಂಬ ಸ್ಕೌಟ್ ಮೇಳಗಳ ಫೋಟೋಗಳು, ಕಪಾಟಿನಲ್ಲಿ ಗೆದ್ದ ಕಪ್ಪುಗಳು, ಮೇಜಿನ ಮೇಲೆ ಮುಂದಿನ ತಿಂಗಳು ನಡೆಯಲಿದ್ದ ಐವತ್ತನೇ ವರ್ಷದ ಮೇಳದ ಕರೆಯೋಲೆಗಳ ಕಟ್ಟು. ಮೊದಲು ಎಡಗೈ ಚಾಚಿ ಸ್ಕೌಟುಗಳ ರೀತಿಯಲ್ಲಿ ಕೈಕುಲುಕಿದರು. ಪಟಾಕಿ ಹೇಗಿದ್ದಾಳೆ ಎಂದು ವಿಚಾರಿಸಿದರು. ಆಮೇಲೆ ಬೆರಳಚ್ಚಾದ ಒಂದು ಹಾಳೆಯನ್ನು ಮುಂದೆ ಸರಿಸಿದರು.

ಅವಘಡದ ವರದಿ. ಕೊನೆಯಲ್ಲೊಂದು ಸಾಲು: 'ತಂಡದ ನಾಯಕಿಯು ಗಂಟನ್ನು ಸರಿಯಾಗಿ ಬಿಗಿಯದ ಕಾರಣ ಹಗ್ಗವು ಕಳಚಿಕೊಂಡಿತು.' ಕೆಳಗೆ ಕ್ಯಾಪ್ಟನ್ ಸಹಿಗೆ ಜಾಗ.

"ಹಗ್ಗ ಕಳಚಿಲ್ಲ ದೊಡ್ಡಕ್ಕ, ಹರಿದಿದೆ. ಒಳಗೆ ಪೂರ್ತಿ ಕೊಳೆತಿತ್ತು. ನಾನೇ ಬಿಚ್ಚಿ ನೋಡಿದೀನಿ."

"ಇರಬಹುದು ಕಣೇ."

"ಇರಬಹುದು ಅಂದ್ರೆ?"

ದೊಡ್ಡಕ್ಕ ಕನ್ನಡಕ ತೆಗೆದರು. "ಉಗ್ರಾಣದ ಹಗ್ಗ ಕೊಳೆತಿತ್ತು ಅಂತ ಬರೆದ್ರೆ ಏನಾಗುತ್ತೆ ಗೊತ್ತಾ? ಮೇಳ ನಿಲ್ಲುತ್ತೆ. ಜಿಲ್ಲೆಯ ಒಬ್ಬ ತಾಯಿನೂ ಮಗಳನ್ನ ಶಿಬಿರಕ್ಕೆ ಕಳ್ಸಲ್ಲ. ನಾವು ಐವತ್ತು ವರ್ಷ ಕಟ್ಟಿದ್ದು ನೀರಲ್ಲಿ ಹೋಮ ಆಗುತ್ತೆ. ಅದೇ ಒಂದು ಮಗು ಗಂಟು ಸಡಿಲ ಹಾಕ್ತು ಅಂದ್ರೆ, ಮಕ್ಕಳಲ್ವಾ, ಆಗುತ್ತೆ ಅಂತ ಎಲ್ಲಾರೂ ಸುಮ್ನಾಗ್ತಾರೆ. ಅವಳಿಗೇನು ಶಿಕ್ಷೆ ಇಲ್ಲ. ಈ ವರ್ಷದ ಪದಕ ಒಂದು ಸಿಗಲ್ಲ, ಅಷ್ಟೆ."

"ಹಾಗಾದ್ರೆ ನನ್ನ ಹೆಸರು ಬರೀರಿ. ಹಗ್ಗ ಬಿಚ್ಚಿ ನೋಡ್ದೇ ಇದ್ದೋಳು ನಾನು. ಅದು ನಿಜಾನೂ ಹೌದು."

"ನಿನ್ನ ಹೆಸರು ಬರೆದ್ರೆ ನಮ್ಮ ಹೆಸರು ಬರೆದ ಹಾಗೇನೇ. ನಿನ್ನನ್ನ ನೇಮಿಸಿದ್ದು ನಾವು."

ಕ್ಯಾಪ್ಟನ್ ಹಾಳೆಯನ್ನು ಮುಟ್ಟಲಿಲ್ಲ.

"ನಮ್ಮ ನಿಯಮದ ಎರಡನೇ ಮಾತು ಏನು?" ಎಂದು ಕೇಳಿದರು ದೊಡ್ಡಕ್ಕ, ಹಳೆಯ ಕಾಲದ ಹಾಗೆ, ಮೆಲ್ಲಗೆ.

"ಸ್ಕೌಟ್ ನಿಷ್ಠಾವಂತೆ."

"ನಿಮ್ಮಪ್ಪನ ಬಾಗಿಲಲ್ಲಿ ನಾನು ನಿಂತಿದ್ದು ನೆನಪಿದೆ ತಾನೇ? ನಾನು ನಿನ್ನ ಹತ್ರ ಇವತ್ತಿನವರೆಗೆ ಏನೂ ಕೇಳಿಲ್ಲ. ಶನಿವಾರ ಎಲ್ಲ ದಳದ ನಾಯಕಿಯರ ಸಭೆ ಇದೆ. ಅಷ್ಟರೊಳಗೆ ಸಹಿ ಮಾಡು."

ಕ್ಯಾಪ್ಟನ್ ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಳು. ಒಂದು ಕ್ಷಣ, ಒಂದೇ ಒಂದು ಕ್ಷಣ, ಹೋಗಿ ಸಹಿ ಹಾಕಿಬಿಡೋಣ ಎಂದೂ ಅನ್ನಿಸಿತು. ಮೂವತ್ತೈದು ವರ್ಷದ ಋಣ ಒಂದು ಗೀಟಿನಲ್ಲಿ ತೀರುತ್ತಿತ್ತು. ಬಸ್ಸು ಬಂತು. ಅವಳು ಮನೆಯ ದಾರಿ ಹಿಡಿಯದೆ ಮಿಡತೆಯ ಮನೆಯ ದಾರಿ ಹಿಡಿದಳು.

ಮಿಡತೆಯ ಅಪ್ಪ ಕೊಳಾಯಿ ಕೆಲಸದವನು. ಬಾಗಿಲು ತೆಗೆದವನೇ "ಎರಡು ವಾರದಿಂದ ಊಟ ಸೇರ್ತಿಲ್ಲ ಅವಳಿಗೆ" ಎಂದ. ಒಳಕೋಣೆಯಲ್ಲಿ ಹುಡುಗಿ ನೆಲದ ಮೇಲೆ ಕೂತಿದ್ದಳು. ಮಂಚದ ನಾಲ್ಕೂ ಕಾಲಿಗೆ ಹಗ್ಗದ ಗಂಟುಗಳು, ಒಂದರ ಮೇಲೊಂದು, ಒಂದೊಂದು ಕಾಲಿಗೂ ಹತ್ತು ಹದಿನೈದು. ಅವಳ ಬೆರಳುಗಳ ತುದಿಯ ಚರ್ಮ ಸುಲಿದಿತ್ತು.

"ಕಣ್ಣು ಮುಚ್ಚಿ ಹಾಕಿದ್ರೂ ಸರಿ ಬರ್ತಿದೆ ಕ್ಯಾಪ್ಟನ್," ಎಂದಳು. "ಅವತ್ತೊಂದಿನ ಯಾಕೆ ತಪ್ತು ಅಂತಾನೇ ಗೊತ್ತಾಗ್ತಿಲ್ಲ. ಸ್ಕೂಲಲ್ಲಿ ಎಲ್ಲಾರಿಗೂ ಗೊತ್ತಾಗಿದೆ. ಪಟಾಕಿ ಕಾಲು ಮುರಿದೋಳು ಅಂತಾರೆ ನನ್ನ."

ಕ್ಯಾಪ್ಟನ್‌ಗೆ ತನ್ನ ಮೇಲೇ ಸಿಟ್ಟು ಉಕ್ಕಿತು. ಆಸ್ಪತ್ರೆ, ಕಾರ್ಖಾನೆ ಎಂದು ಓಡಾಡುತ್ತ ಈ ಮನೆಗೆ ಬರುವುದಕ್ಕೆ ಇಷ್ಟು ದಿನ ಬೇಕಾಯಿತಲ್ಲ! ಆಟೋ ಹಿಡಿದು ಮನೆಗೆ ಹೋಗಿ, ಮರದ ತುಂಡನ್ನು ತಂದು ಹುಡುಗಿಯ ಮಡಿಲಲ್ಲಿಟ್ಟಳು.

"ಇದು ಯಾರ ಗಂಟು?"

ಹುಡುಗಿ ಬಹಳ ಹೊತ್ತು ನೋಡಿದಳು. "ನನ್ನದು."

"ಬಿಚ್ಚು ನೋಡೋಣ."

ಮಿಡತೆ ಎಳೆದಳು, ತಿರುವಿದಳು, ಹಲ್ಲು ಹಾಕಿದಳು. ಗಂಟು ಜಪ್ಪಯ್ಯ ಎನ್ನಲಿಲ್ಲ. ಅವಳ ಅಪ್ಪನೂ ಕೂತು ತನ್ನ ಇಕ್ಕಳ ಹಾಕಿ ನೋಡಿದ. ಆಗಲಿಲ್ಲ.

"ಹಗ್ಗ ಹರಿದಿದೆ ಮಗಳೇ, ನಿನ್ನ ಗಂಟು ಹಿಡಿದೇ ಇದೆ. ಇವತ್ತೂ ಹಿಡಿದಿದೆ."

ಮಿಡತೆ ಆ ತುಂಡನ್ನು ಎದೆಗವಚಿಕೊಂಡು ಬಿಕ್ಕಿದಳು. ಎರಡು ವಾರ ಅಳದೆ ಉಳಿಸಿಕೊಂಡದ್ದೆಲ್ಲ ಹೊರಬಂತು.

ಬಾಗಿಲವರೆಗೆ ಬಂದ ಅಪ್ಪ ದನಿ ತಗ್ಗಿಸಿದ. "ನೋಡಿ ಅಮ್ಮಾ, ಕಚೇರಿಯವರು ನನಗೂ ಹೇಳಿದ್ರು. ಸಹಿ ಹಾಕಿಬಿಡಿ. ದೊಡ್ಡವರ ಜೊತೆ ಯಾಕೆ ಜಟಾಪಟಿ? ನಿಮ್ಮ ದಳನಾದ್ರೂ ಉಳಿಯುತ್ತೆ. ಚಿಕ್ಕ ಹುಡುಗಿ, ನಾಲ್ಕು ದಿನಕ್ಕೆ ಎಲ್ಲಾರೂ ಮರೀತಾರೆ."

"ಎಲ್ಲಾರೂ ಮರೀತಾರೆ ಅಣ್ಣಾ. ಅವಳು ಮರೆಯಲ್ಲ."

ಶನಿವಾರದ ಸಭೆಗೆ ಇಪ್ಪತ್ತಾರು ದಳಗಳ ನಾಯಕಿಯರು ಬಂದಿದ್ದರು. ಉದ್ದನೆಯ ಹಜಾರ, ಸಾಲು ಕುರ್ಚಿ, ಎದುರಿಗೆ ದೊಡ್ಡಕ್ಕ, ಪಕ್ಕದಲ್ಲಿ ಉಗ್ರಾಣದ ಅಧಿಕಾರಿ. ಮೇಳದ ಮೆರವಣಿಗೆಯಲ್ಲಿ ಯಾವ ದಳ ಎಲ್ಲಿ ನಿಲ್ಲಬೇಕು ಎಂಬುದೇ ಒಂದು ಗಂಟೆ ಹಿಡಿಯಿತು. ಆಮೇಲೆ ವರದಿ ಓದಿದರು. ಮಿಡತೆಯ ಹೆಸರನ್ನು ಓದಿದಾಗ ಕ್ಯಾಪ್ಟನ್ ಎದ್ದು ಮುಂದೆ ಹೋಗಿ, ಚೀಲದಿಂದ ಮರದ ತುಂಡನ್ನು ತೆಗೆದು ದೊಡ್ಡಕ್ಕನ ಮೇಜಿನ ಮೇಲಿದ್ದ ಕರೆಯೋಲೆಗಳ ಕಟ್ಟಿನ ಪಕ್ಕ ಇಟ್ಟಳು.

"ಸಡಿಲ ಗಂಟು ಅಂತ ಬರೆದಿದ್ದೀರಿ. ಇದೇ ಆ ಗಂಟು. ಯಾರಾದ್ರೂ ಬಿಚ್ಚಿ ಕೊಡಿ, ನಾನು ಇಲ್ಲೇ ಸಹಿ ಹಾಕ್ತೀನಿ."

ಯಾರೂ ಕೈ ಚಾಚಲಿಲ್ಲ.

ಉಗ್ರಾಣದ ಅಧಿಕಾರಿ ನಕ್ಕ. "ಯಾವುದೋ ಹಳೇ ಹಗ್ಗ ತಂದು ಕಟ್ಟಿರಬಹುದು. ಇದೇ ಅದು ಅಂತ ಏನು ಗ್ಯಾರಂಟಿ?"

"ಸರಿ. ನಿಮ್ಮ ಉಗ್ರಾಣ ಕೆಳಗಿನ ಮಹಡೀಲೇ ಇದೆಯಲ್ಲ? ಪರೀಕ್ಷಿಸಲಾಗಿದೆ ಅಂತ ಚೀಟಿ ಇರೋ ಹಗ್ಗ ಒಂದು ತರಿಸಿ. ಎಲ್ಲರ ಎದುರಿಗೇ ಎಳೆ ಬಿಚ್ಚೋಣ. ಒಳಗೆ ಬೆಳ್ಳಗಿದ್ರೆ ನಾನು ಕ್ಷಮೆ ಕೇಳ್ತೀನಿ."

ಅಧಿಕಾರಿ ದೊಡ್ಡಕ್ಕನ ಮುಖ ನೋಡಿದ. ದೊಡ್ಡಕ್ಕ ಕರೆಯೋಲೆಗಳನ್ನು ನೋಡಿದರು. ಹಿಂದಿನ ಸಾಲಿನಿಂದ ಒಬ್ಬ ನಾಯಕಿ, ಬೀಗ ಮಾರುವ ಅಂಗಡಿಯವಳು, ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದಳು: "ತರಿಸಿ. ನಮಗೂ ಅದೇ ಕಂತೇಲಿ ಕೊಟ್ಟಿದಾರೆ. ನಾಳೆ ನನ್ನ ಮಕ್ಕಳು ಹತ್ತಬೇಕು ಅದರ ಮೇಲೆ."

ಹಜಾರದಲ್ಲಿ ಗುಜುಗುಜು ಎದ್ದಿತು. ದೊಡ್ಡಕ್ಕ ಮೇಜು ತಟ್ಟಿದರು.

"ಇದು ನ್ಯಾಯಾಲಯ ಅಲ್ಲ. ಇಲ್ಲಿ ಶಿಸ್ತು ಅಂತ ಒಂದಿದೆ. ನಿನಗೆ ಎರಡೇ ದಾರಿ. ಸಹಿ ಮಾಡು, ಇಲ್ಲಾ ದಳದ ಸನ್ನದು ಇಲ್ಲಿಟ್ಟು ಹೋಗು. ಮೂವತ್ತೈದು ವರ್ಷ ಕೈಹಿಡಿದು ನಡೆಸಿದ್ದಕ್ಕೆ ಇದೇನಾ ನಿನ್ನ ನಿಷ್ಠೆ?"

ಕ್ಯಾಪ್ಟನ್ ನೇರ ಅವರತ್ತ ತಿರುಗಿದಳು.

"ದೊಡ್ಡಕ್ಕ, ಮೇಲಿರೋರಿಗೆ ನಿಷ್ಠೆಯಾಗಿರೋಕೆ ಪ್ರತಿಜ್ಞೆ ಬೇಕಾಗಿಲ್ಲ, ಭಯ ಸಾಕು. ಕೆಳಗಿರೋರನ್ನ ಕೈಬಿಡಬಾರದು ಅಂತಾನೇ ಪ್ರತಿಜ್ಞೆ ಮಾಡಿಸೋದು. ಅಂದು ನೀವು ನಮ್ಮಪ್ಪನ ಬಾಗಿಲಲ್ಲಿ ನಿಂತಿದ್ದು ಕಚೇರಿಗೋಸ್ಕರ ಅಲ್ಲ, ಹನ್ನೊಂದು ವರ್ಷದ ಒಂದು ಹುಡುಗಿಗೋಸ್ಕರ. ನಾನು ಕಲ್ತಿದ್ದು ಅದನ್ನ. ಈಗ ಬೇರೆ ಪಾಠ ಹೇಳಿದ್ರೆ ನನ್ನ ತಲೆಗೆ ಹತ್ತಲ್ಲ."

ಚೌಕಟ್ಟು ಹಾಕಿಸಿದ ಸನ್ನದನ್ನು, ದಳದ ಮಾನ್ಯತೆಯ ಪತ್ರವನ್ನು, ಚೀಲದಿಂದ ತೆಗೆದಳು. ಬೇಕಾಗುತ್ತದೆ ಎಂದು ಗೊತ್ತಿದ್ದೇ ಗೋಡೆಯಿಂದ ಇಳಿಸಿ ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು, ಸೀಟಿಯನ್ನೂ ಬಿಚ್ಚಿಟ್ಟಳು. ಅಧಿಕಾರಿ ಅವಳ ಕತ್ತಿನ ಕಡೆ ಬೆರಳು ತೋರಿಸಿ "ಸ್ಕಾರ್ಫು?" ಎಂದ.

"ಇದು ಇವರು ಕೊಟ್ಟದ್ದು, ಕಚೇರಿ ಕೊಟ್ಟದ್ದಲ್ಲ. ಬೇಕಿದ್ರೆ ಅವರೇ ಕೇಳ್ಲಿ."

ದೊಡ್ಡಕ್ಕ ಕೇಳಲಿಲ್ಲ. ಕ್ಯಾಪ್ಟನ್ ಮರದ ತುಂಡನ್ನು ಎತ್ತಿಕೊಂಡು ಹೊರಗೆ ನಡೆದಳು. ಹಿಂದೆ ಕುರ್ಚಿ ಸರಿದ ಸದ್ದಾಯಿತು. ಬೀಗದಂಗಡಿಯವಳೂ, ಇನ್ನಿಬ್ಬರೂ ಎದ್ದಿದ್ದರು. ಮಿಕ್ಕವರು ಕೂತೇ ಇದ್ದರು.

ದಳದ ನಾಯಕಿಯ ಸಹಿ ಇಲ್ಲದ ವರದಿಯಲ್ಲಿ ಮಗುವಿನ ಹೆಸರು ಹಾಕುವಂತಿಲ್ಲ ಎಂದು ನಿಯಮವಿತ್ತಂತೆ. ಆ ಸಾಲನ್ನು ಹೊಡೆದು 'ಕಾರಣ ಸ್ಪಷ್ಟವಾಗಿಲ್ಲ' ಎಂದು ಬರೆದರು. ಎರಡೇ ವಾರದಲ್ಲಿ ಬಣ್ಣ ಹಾಕಿಸುವ ನೆಪ ಹೇಳಿ ಎಲ್ಲ ದಳಗಳ ಹಗ್ಗವನ್ನು ವಾಪಸ್ ತರಿಸಿಕೊಂಡರು. ಆ ಹಗ್ಗಗಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಕ್ಷಮೆ ಯಾರೂ ಕೇಳಲಿಲ್ಲ. ಮಿಡತೆಗೆ ಪದಕವೂ ಬರಲಿಲ್ಲ, ಏಕೆಂದರೆ ಅವಳಿದ್ದ ದಳವೇ ಈಗ ಇರಲಿಲ್ಲ.

ದಳ ಇಷ್ಟು ವರ್ಷ ಸೇರುತ್ತಿದ್ದ ಶಾಲೆಯ ಮೈದಾನದ ಗೇಟಿಗೆ ಬೀಗ ಬಿತ್ತು. ಕ್ಯಾಪ್ಟನ್ ಟಾರ್ಪಾಲು ಕಾರ್ಖಾನೆಯ ಮಾಲೀಕನನ್ನು ಕೇಳಿ ಹಿತ್ತಲಿನ ಅಂಗಳವನ್ನು ಭಾನುವಾರಕ್ಕೆ ಪಡೆದಳು. ಮೊದಲ ಭಾನುವಾರ ಹತ್ತೊಂಬತ್ತು ಜನರಲ್ಲಿ ಹನ್ನೊಂದು ಮಂದಿ ಬಂದರು. ಉಳಿದವರ ಮನೆಯಲ್ಲಿ ಬಿಡಲಿಲ್ಲ. ಪಟಾಕಿ ಪ್ಲಾಸ್ಟರ್ ಕಾಲನ್ನು ಮುಂದೆ ಚಾಚಿಕೊಂಡು, ಸೋದರಮಾವನ ಕೈಗಾಡಿಯಲ್ಲಿ ಕೂತು, ದಾರಿಯುದ್ದಕ್ಕೂ ಅವನಿಗೆ ದಿಕ್ಕು ಹೇಳುತ್ತ ಬಂದಳು. ಬಾವುಟ, ಸಂಖ್ಯೆ, ಸಮವಸ್ತ್ರ ಒಂದೂ ಇಲ್ಲ. ಮನೆಯ ಬಟ್ಟೆಯಲ್ಲೇ ಸಾಲಾಗಿ ನಿಂತು ಪ್ರತಿಜ್ಞೆ ಹೇಳಿದರು. ಅವತ್ತು ಕಲಿತದ್ದು ಒಂದೇ ಪಾಠ: ಹಗ್ಗದ ಎಳೆ ಬಿಚ್ಚಿ ಒಳಗೆ ನೋಡುವುದು ಹೇಗೆ. ಹೇಳಿಕೊಟ್ಟವಳು ಮಿಡತೆ.

ಮೇಳದ ಮೆರವಣಿಗೆ ಆ ಕಾರ್ಖಾನೆಯ ಮುಂದಿನ ರಸ್ತೆಯಲ್ಲೇ ಹಾದುಹೋಗಬೇಕಿತ್ತು. ಅದೂ ಭಾನುವಾರವೇ. ಬ್ಯಾಂಡಿನ ಸದ್ದು ಕೇಳಿದಾಗ ಹುಡುಗಿಯರು ಕ್ಯಾಪ್ಟನ್ ಮುಖ ನೋಡಿದರು.

"ಒಳಗೆ ಬಚ್ಚಿಟ್ಕೊಳ್ಳೋಕೆ ನಾವೇನು ಕದ್ದಿದೀವಾ? ನಡೀರಿ," ಎಂದಳು ಅವಳು.

ಹನ್ನೊಂದು ಜನ ರಸ್ತೆಯಂಚಿನಲ್ಲಿ ಸಾಲಾಗಿ ನಿಂತರು, ಕೈಗಾಡಿ ಕೊನೆಯಲ್ಲಿ. ಮುಂದೆ ದೊಡ್ಡ ಬಾವುಟ, ಅದರ ಹಿಂದೆ ತೆರೆದ ಜೀಪಿನಲ್ಲಿ ದೊಡ್ಡಕ್ಕ.

"ಕ್ಯಾಪ್ಟನ್, ಸೆಲ್ಯೂಟ್ ಮಾಡ್ಬೇಕಾ?" ಎಂದು ಮಿಡತೆ ಪಿಸುಗುಟ್ಟಿದಳು.

"ಬಾವುಟ ಏನು ತಪ್ಪು ಮಾಡಿದೆ? ಮಾಡಿ."

ಹನ್ನೊಂದು ಕೈಗಳು ಮೂರು ಬೆರಳು ಚಾಚಿ ಹಣೆಗೇರಿದವು. ಜೀಪು ನಿಧಾನವಾಗಿ ಹತ್ತಿರ ಬಂತು. ದೊಡ್ಡಕ್ಕ ಅವರನ್ನು ನೋಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು, ಪ್ಲಾಸ್ಟರ್ ಕಾಲನ್ನೂ ನೋಡಿದರು. ತೊಡೆಯ ಮೇಲಿದ್ದ ಅವರ ಬಲಗೈ ಸ್ವಲ್ಪ ಮೇಲೆದ್ದು ಮತ್ತೆ ಕೂತಿತು. ಜೀಪು ಮುಂದೆ ಹೋಯಿತು.

ತೋಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಕಚೇರಿಯ ಗುಮಾಸ್ತನೊಬ್ಬ ಮೆರವಣಿಗೆಯಿಂದ ಹೊರಬಂದು ಏದುಸಿರು ಬಿಡುತ್ತ ಓಡಿಬಂದ.

"ಏಯ್, ಕೈ ಇಳಿಸಿ ಎಲ್ಲಾರೂ! ಈ ಸೆಲ್ಯೂಟು ನೋಂದಣಿ ಆದ ದಳಗಳಿಗೆ ಮಾತ್ರ. ನಿಮ್ಮದು ರದ್ದಾಗಿದೆ, ಗೊತ್ತಿಲ್ವಾ?"

"ಹಾಗಾದ್ರೆ ನಮ್ಮ ಬೆರಳುಗಳನ್ನೂ ಕಚೇರಿಗೆ ವಾಪಸ್ ತಗೊಂಡ್ಹೋಗಿ ಸಾರ್," ಎಂದಳು ಪಟಾಕಿ ಗಾಡಿಯಿಂದ. "ಎಣಿಸಿ ತಗೊಳ್ಳಿ. ಹನ್ನೊಂದು ಮೂರಲ ಮೂವತ್ಮೂರು."

ಮೆರವಣಿಗೆಯಲ್ಲಿ ಹೋಗುತ್ತಿದ್ದ ಚಿಕ್ಕ ಹುಡುಗಿಯರು ಕಿಸಕ್ಕನೆ ನಕ್ಕರು. ಗುಮಾಸ್ತ ಕ್ಯಾಪ್ಟನ್ ಕಡೆ ತಿರುಗಿದ. ಅವಳು ಅವನತ್ತ ನೋಡದೆ ನೆಟ್ಟಗೆ ನಿಂತಿದ್ದಳು, ಅವಳ ಕೈಯೂ ಹಣೆಯ ಮೇಲೆ. ಅವನು ಇನ್ನೇನೋ ಹೇಳಲು ಹೋದ, ಬ್ಯಾಂಡಿನ ಸದ್ದಿನಲ್ಲಿ ಕೇಳಿಸಲಿಲ್ಲ. ಒಂದರ ಹಿಂದೊಂದು ಇಪ್ಪತ್ತೆರಡು ದಳಗಳು ದಾಟಿಹೋದವು. ಕೊನೆಯ ಸಾಲು ತಿರುವಿನಲ್ಲಿ ಮರೆಯಾಗುವ ತನಕ ಒಂದು ಕೈಯೂ ಇಳಿಯಲಿಲ್ಲ.